ಬಸ್ಕಿಯ ಲೆಕ್ಕ, ಕುಸ್ತಿಯ ದಮ್ಮು

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಗರಡಿಮನೆಗೆ ಹೋಗುವ ಹುಡುಗ ಎದುರಾದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ: ‘ಎಷ್ಟ ಬಸ್ಕಿ ಹೊಡಿತೀಯೋ ತಮ್ಮಾ?’ ಐನೂರು ಎಂದರೆ ತಲೆಯಾಡಿಸುತ್ತಾರೆ, ಸಾವಿರ ಎಂದರೆ ಬೆನ್ನು ಚಪ್ಪರಿಸುತ್ತಾರೆ. ಗರಡಿಯನ್ನು ಹೊಗಳಿ ಬರೆಯುವವರೂ ಬಹುಮಟ್ಟಿಗೆ ಈ ಹಿರಿಯರ ಸಾಲಿನವರೇ. ಹಣಮಪ್ಪನ ಪೂಜೆ, ಬಾದಾಮಿ-ಹಾಲಿನ ಖುರಾಕು, ಬಸ್ಕಿಯ ಸಂಖ್ಯೆ. ಅಲ್ಲಿಗೆ ಲೇಖನ ಮುಗಿಯಿತು. ನನ್ನ ತಕರಾರು ಇಷ್ಟು: ಗರಡಿಯ ಕೀರ್ತಿ ಅದರ ತೀರ ದುರ್ಬಲ ಭಾಗದ ಮೇಲೆ ನಿಂತಿದೆ. ಅದರ ನಿಜವಾದ ಸತ್ವ ಮಣ್ಣಿನಲ್ಲಿ ನಡೆಯುವ ಜೋಡಿ ಕುಸ್ತಿಯಲ್ಲಿದೆ.

ಲೆಕ್ಕದ ಈ ಹುಚ್ಚಿಗೆ ಎಲ್ಲರೂ ಕೊಡುವ ಆಧಾರ ಗಾಮಾ ಪೈಲ್ವಾನ. ದಿನಕ್ಕೆ 5,000 ಬೈಠಕ್ (ನಮ್ಮ ಬಸ್ಕಿಯೇ), 3,000 ದಂಡ ಎಂಬ ಮಾತು ಬಾಯಿಂದ ಬಾಯಿಗೆ ಬಂದಿದೆ. ಕೂತು ಎಣಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ. ಇರಲಿ, ಒಪ್ಪೋಣ. ಎರಡು ಸೆಕೆಂಡಿಗೊಂದರಂತೆ ಹೊಡೆದರೂ 5,000ಕ್ಕೆ ಎರಡೂಮುಕ್ಕಾಲು ತಾಸು ಬೇಕು. ಅಷ್ಟು ಹೊತ್ತು ನಡೆಯುವ ಕೆಲಸ ಕಷ್ಟದ್ದು ಹೌದು, ತೀವ್ರವಾದದ್ದು ಮಾತ್ರ ಅಲ್ಲ. ಅದನ್ನು ಮಾಡಲು ದೇಹ ಪ್ರತಿ ಬಸ್ಕಿಯಲ್ಲೂ ಶಕ್ತಿ ಉಳಿಸಿಕೊಳ್ಳಲೇಬೇಕು. ಇದೇ ಗಾಮಾ 1910ರಲ್ಲಿ ಲಂಡನ್ನಿನಲ್ಲಿ ಜ್ಬಿಸ್ಕೊ ಎಂಬ ಪೈಲ್ವಾನನನ್ನು ಎರಡೂವರೆ ತಾಸು ಮೀರಿ ಒತ್ತಿ ಹಿಡಿದರೂ ಚಿತ್ ಮಾಡಲಾಗಲಿಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಅದೇ ಜ್ಬಿಸ್ಕೊನನ್ನು ಒಂದು ನಿಮಿಷದೊಳಗೆ ಕೆಡವಿದ. ನಾವು ಓದಬೇಕಾದದ್ದು ಆ ಒಂದು ನಿಮಿಷವನ್ನು.

ಜಾತ್ರೆಯ ‘ಜಂಗೀ ನಿಕಾಲಿ’, ಅಂದರೆ ಸೋಲು-ಗೆಲುವು ತೀರುವವರೆಗೂ ನಡೆಯುವ ಕುಸ್ತಿಯ ಒಂದು ನಿಮಿಷವನ್ನೇ ನೋಡಿ. ಹಲಗಿ ಬಡಿಯುತ್ತಿದೆ. ಇಬ್ಬರೂ ಒಂದು ಹಿಡಿ ಮಣ್ಣು ತೆಗೆದು ಎದುರಾಳಿಯ ಮೈಗೆ ಎರಚುತ್ತಾರೆ, ಬೆವರಿಗೆ ಕೈ ಜಾರಬಾರದಲ್ಲ. ಕೈ ಮುಟ್ಟಿದ ಕ್ಷಣದಿಂದ ಮೊದಲ ಹತ್ತು ಸೆಕೆಂಡಿನ ಎಳೆದಾಟಕ್ಕೆ ಸ್ನಾಯು ಉಸಿರಿಗಾಗಿ ಕಾಯುವುದಿಲ್ಲ. ತನ್ನಲ್ಲೇ ಕೂಡಿಟ್ಟುಕೊಂಡ ಫಾಸ್ಫೋಕ್ರಿಯಾಟಿನ್ ಸುಟ್ಟುಕೊಳ್ಳುತ್ತದೆ. ಅದು ತೀರುತ್ತ ಬಂದಂತೆ ಆಮ್ಲಜನಕವಿಲ್ಲದೆಯೇ ಸಕ್ಕರೆ ಒಡೆಯುವ ಕೆಲಸ ಜೋರಾಗುತ್ತದೆ, ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ. ಸುಮ್ಮನೆ ಕೂತವನ ರಕ್ತದಲ್ಲಿ ಅದು ಲೀಟರಿಗೆ 1 ಮಿಲಿಮೋಲ್‌ನ ಆಸುಪಾಸು. ಬಿರುಸಿನ ಕುಸ್ತಿ ಮುಗಿಸಿದವನಲ್ಲಿ ಹತ್ತು ಪಟ್ಟಿಗೂ ಹೆಚ್ಚು. ಎದೆಬಡಿತ ತನ್ನ ಗರಿಷ್ಠದ ಹತ್ತಿರ ಮುಟ್ಟಿರುತ್ತದೆ.

ಆಮೇಲೆ ಇಬ್ಬರೂ ಹಣೆಗೆ ಹಣೆ ಹಚ್ಚಿ, ಒಬ್ಬರ ಕುತ್ತಿಗೆ ಮೇಲೆ ಒಬ್ಬರು ಕೈಯಿಟ್ಟು ನಿಂತುಬಿಡುತ್ತಾರೆ. ಸುತ್ತ ಕೂತ ಮಂದಿ ‘ಕುಸ್ತಿ ಹಿಡೀರಲೇ’ ಎಂದು ಕೂಗುತ್ತಾರೆ. ನನ್ನ ಪ್ರಕಾರ ಇಡೀ ಆಟದ ಬುದ್ಧಿ ಇರುವುದು ಇಲ್ಲೇ. ಖಾಲಿಯಾದ ಫಾಸ್ಫೋಕ್ರಿಯಾಟಿನ್ ಸುಮಾರು ಅರ್ಧ ನಿಮಿಷದ ಬಿಡುವಿನಲ್ಲಿ ಅರ್ಧದಷ್ಟು ಮರಳುತ್ತದೆ, ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಬೇಕು. ಆದರೆ ಬಿಡುವು ಪುಕ್ಕಟೆ ಸಿಗುವುದಿಲ್ಲ. ಬಿಗಿ ಹಿಡಿತದಲ್ಲಿ ಸ್ನಾಯು ತನ್ನೊಳಗಿನ ರಕ್ತನಾಳವನ್ನೇ ಒತ್ತಿಬಿಡುತ್ತದೆ. ಮುಂಗೈಗೆ ರಕ್ತ ಬಾರದೆ ಅದು ಕಲ್ಲಾಗುತ್ತದೆ. ಜಾಣ ಪೈಲ್ವಾನ ತನ್ನ ಭಾರವನ್ನು ಎದುರಾಳಿಯ ಕುತ್ತಿಗೆಗೆ ಹೇರಿ, ತನ್ನ ಬೆರಳು ಸಡಿಲ ಬಿಟ್ಟು, ದಮ್ಮು ತಗೊಳ್ಳುತ್ತಾನೆ. ಬಿಗಿ ಹಿಡಿದವನು ಮುಂದಿನ ಪಟ್ಟಿಗೆ ಅರ್ಧ ಖಾಲಿಯಾಗಿ ಹೋಗುತ್ತಾನೆ. ಮಂದಿ ಆಲಸ್ಯವೆಂದು ಕೂಗಿದ್ದು ನಿಜದಲ್ಲಿ ಚೇತರಿಕೆಯ ಕಾದಾಟ. ಇದನ್ನು ಯಾವ ಬಸ್ಕಿಯೂ ಕಲಿಸುವುದಿಲ್ಲ.

ಇಲ್ಲಿ ‘ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು’ ಎನ್ನುವವರು ಎದ್ದು ನಿಲ್ಲುತ್ತಾರೆ. ಜಪಾನಿನ ಇಝುಮಿ ಟಬಾಟ 1996ರಲ್ಲಿ ಪ್ರಕಟಿಸಿದ ಪ್ರಯೋಗ ಅವರ ಕಣ್ಣಿಗೆ ಗರಡಿಯ ನಕಲು. ಅಲ್ಲ. ಟಬಾಟ ಗರಿಷ್ಠ ಆಮ್ಲಜನಕ ಬಳಕೆಯ ಮಟ್ಟಕ್ಕಿಂತ ಶೇಕಡ 70ರಷ್ಟು ಹೆಚ್ಚಿನ ಹೊರೆಯಲ್ಲಿ 20 ಸೆಕೆಂಡು ಸೈಕಲ್ ತುಳಿತ, 10 ಸೆಕೆಂಡು ಬಿಡುವು, ಹೀಗೆ ಏಳೆಂಟು ಸಲ ಮಾಡಿಸಿದ; ಆರು ವಾರದಲ್ಲಿ ದಮ್ಮು ಮತ್ತು ಬಿರುಸು ಎರಡೂ ಹೆಚ್ಚಿದ್ದನ್ನು ಅಳೆದು ತೋರಿಸಿದ. ಅಳೆದವನಿಗೆ ಅದರ ಗೌರವ ಸಲ್ಲಬೇಕು. ಗರಡಿಯಲ್ಲಿ ಕಲಿಸುವ ನಮ್ಮ ವಸ್ತಾದರು ಕಣ್ಣಳತೆಯಲ್ಲಿ ಕಂಡುಕೊಂಡಿದ್ದರು, ದೊಡ್ಡ ಮಾತೇ; ಆದರೆ ಕಂಡದ್ದನ್ನು ಬಿಟ್ಟು ಬಸ್ಕಿ ಎಣಿಸುತ್ತ ಕೂತದ್ದೂ ನಾವೇ.

ಇನ್ನೊಂದು ಗುಂಪಿನದು ತದ್ವಿರುದ್ಧ ವಾದ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಇವರಿಗೆ ಬಿರುಸಿನ ವ್ಯಾಯಾಮವೆಲ್ಲ ಯಮಪಾಶ. ಒಂದು ಸಾವಿನ ದುಃಖದಿಂದ ಒಂದು ಪದ್ಧತಿಯ ತೀರ್ಪು ಬರೆಯಲಾಗದು. 1993ರ ಅಮೆರಿಕದ ಅಧ್ಯಯನವೊಂದು ಹೃದಯಾಘಾತಕ್ಕೂ ಅದರ ಮುಂಚಿನ ಭಾರಿ ಶ್ರಮಕ್ಕೂ ಇರುವ ನಂಟನ್ನು ಲೆಕ್ಕ ಹಾಕಿತು. ವಾರಕ್ಕೆ ಒಮ್ಮೆಯೂ ಮೈಬಗ್ಗಿಸದವರಲ್ಲಿ ಆ ಶ್ರಮದ ಹೊತ್ತಿನ ಅಪಾಯ 107 ಪಟ್ಟು. ವಾರಕ್ಕೆ ಐದು ಸಲವೋ ಹೆಚ್ಚೋ ಮಾಡುವವರಲ್ಲಿ 2.4 ಪಟ್ಟು. ಅಂದರೆ ಹೆದರಬೇಕಾದದ್ದು ರೂಢಿಯಿಲ್ಲದ ಮೈಗೆ ಒಮ್ಮೆಲೇ ಹೇರುವ ಬಿರುಸಿಗೆ.

ಬಸ್ಕಿಯ ಮೇಲೆ ನನ್ನ ದೊಡ್ಡ ಆರೋಪವೂ ಇದೇ. ರೂಢಿಯಾದವನಿಗೆ ಅದು ತೊಡೆ ಗಟ್ಟಿ ಮಾಡುತ್ತದೆ, ಶಿಸ್ತು ಕಲಿಸುತ್ತದೆ, ಇಲ್ಲವೆನ್ನುವುದಿಲ್ಲ. ಹೊಸ ಹುಡುಗನಿಗೆ ಶಿಕ್ಷೆಯೆಂದೋ ಪಂದ್ಯವೆಂದೋ ಒಂದೇ ದಿನ ಐನೂರು ಹೊಡೆಸಿದರೆ ತೊಡೆಯ ಸ್ನಾಯುತಂತು ಒಡೆದು, ಅದರ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ, ಮೂತ್ರಪಿಂಡವನ್ನೇ ಕೆಡಿಸಬಹುದು. ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು ಅದರ ಗುರುತು. ಎರಿ ಭೂಮಿಯ ಏಪ್ರಿಲ್ ಬಿಸಿಲಲ್ಲಿ, ನೀರು ಕುಡಿಯದೆ ಹೊಡೆದರೆ ಅಪಾಯ ಇನ್ನೂ ಹೆಚ್ಚು. ‘ಮೈ ಹಿಡಿದೈತಿ, ಇನ್ನಷ್ಟ ಹೊಡಿ, ಬಿಡತೈತಿ’ ಎಂಬ ಸಲಹೆಗೆ ಆ ಹೊತ್ತಿನಲ್ಲಿ ಕಿವಿಗೊಡಬಾರದು.

ಆದ್ದರಿಂದ ವಸ್ತಾದರಲ್ಲಿ ನನ್ನ ವಿನಂತಿ: ಬಸ್ಕಿಯನ್ನು ಮೈ ಬಿಸಿ ಮಾಡುವ ಕೆಲಸಕ್ಕೆ ಇಳಿಸಿ, ಜೋಡಿ ಕುಸ್ತಿಗೆ ಹೊತ್ತು ಕೊಡಿ. ಹೊಸಬನಿಗೆ ಮೊದಲ ತಿಂಗಳು ನಿಧಾನ, ನೀರಿನ ಕೊಡ ಕೈಗೆಟಕುವಲ್ಲಿ. ಪಟ್ಟು ಬಿಟ್ಟ ಮೇಲೆ ಒಂದು ನಿಮಿಷ ಹುಡುಗನ ನಾಡಿ ಹಿಡಿದು ನೋಡಿ. ಶ್ರಮ ನಿಲ್ಲಿಸಿದ ಮೊದಲ ನಿಮಿಷದಲ್ಲಿ ಎದೆಬಡಿತ 12ಕ್ಕಿಂತ ಹೆಚ್ಚು ಇಳಿಯದವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣ ಜಾಸ್ತಿಯೆಂದು 1999ರಲ್ಲೇ ತೋರಿಸಲಾಗಿದೆ. ಅವನು ಎಷ್ಟು ಬಸ್ಕಿ ಹೊಡೆಯುತ್ತಾನೆಂದು ಕೇಳುವುದನ್ನು ಬಿಟ್ಟು, ದಮ್ಮು ಎಷ್ಟು ಹೊತ್ತಿನಲ್ಲಿ ವಾಪಸು ಬರುತ್ತದೆಂದು ಕೇಳಿ.