ಕ್ರೇಮರನ ಸಂಬಳ ಇಳಿದದ್ದು ಯಾಕೆ?

ಒಂದು ಗುರುವಾರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಗೆಳೆಯನೊಬ್ಬನ ಜೊತೆ ಯಾದಗಿರಿಗೆ ಹೊರಟಿದ್ದೆ. ನನಗೆ ಊರಲ್ಲಿ ಅಕ್ಕನ ಮಗನ ಜವಳ, ಅವನಿಗೆ ಕೋರ್ಟಿನಲ್ಲಿ ವಾಯಿದೆ. ಡೈವೋರ್ಸ್ ಕೇಸಿನ ಏಳನೇ ವಾಯಿದೆ ಅದು. ಅವತ್ತೇ ಅವನ ಟೀಮಿನ ರಿಲೀಸ್ ಬೇರೆ ಇತ್ತು. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹೋಗಿ ಬಂದು ಮಾಡುವ ನೆಟ್‌ವರ್ಕಿನಲ್ಲಿ ಏನೇನೋ ಡಿಪ್ಲಾಯ್ ಮಾಡುತ್ತಿದ್ದ. ಕೊನೆಗೆ ಸಿಗ್ನಲ್ ಪೂರ್ತಿ ಸತ್ತಿತು. “ಹೋಗ್ಲಿ ಬಿಡಲೇ, ಸಿನಿಮಾ ಅರ ನೋಡೋಣು” ಅಂತ ಮೊಬೈಲ್ ತೆಗೆದ. ಡೌನ್‌ಲೋಡ್ ಮಾಡಿಟ್ಟಿದ್ದ ಸಿನಿಮಾ ‘ಕ್ರೇಮರ್ ವರ್ಸಸ್ ಕ್ರೇಮರ್’. ಒಂದೊಂದು ಕಿವಿಗೆ ಒಂದೊಂದು ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡಿದೆವು.

1979ರ ಸಿನಿಮಾ, ರಾಬರ್ಟ್ ಬೆಂಟನ್ ನಿರ್ದೇಶನ, ಐದು ಆಸ್ಕರ್. ಎಲ್ಲರೂ ಇದನ್ನು ಅಪ್ಪ–ಮಗನ ಸಿನಿಮಾ ಅಂತಲೇ ನೆನಪಿಟ್ಟುಕೊಂಡಿದ್ದಾರೆ. ನಾನೂ ಕಾಲೇಜಿನಲ್ಲಿ ಹಾಗೇ ನೋಡಿದ್ದೆ. ಮೂವತ್ತು ದಾಟಿ, ಅಪ್ರೈಸಲ್‌ಗಳನ್ನು ಉಂಡವನಾಗಿ ನೋಡಿದರೆ ಇದು ನೌಕರಿಯ ಸಿನಿಮಾ. ಹೀಗೆ ನೋಡಿದಾಗ ಇದರ ದೊಡ್ಡಸ್ತಿಕೆ ಎಲ್ಲಿದೆ, ಇದು ಎಲ್ಲಿ ಜಾರಿಕೊಳ್ಳುತ್ತದೆ ಎರಡೂ ಕಾಣುತ್ತವೆ.

ಕಥೆ ಶುರುವಾಗುವುದೇ ಆಫೀಸಿನಿಂದ. ಜಾಹೀರಾತು ಕಂಪನಿಯ ಟೆಡ್ ಕ್ರೇಮರನಿಗೆ (ಡಸ್ಟಿನ್ ಹಾಫ್‌ಮನ್) ದೊಡ್ಡ ಕ್ಲೈಂಟ್ ಸಿಕ್ಕ ದಿನ, ಬಡ್ತಿಯ ಭರವಸೆಯೂ ಸಿಕ್ಕ ದಿನ. ಆ ಖುಷಿ ಹೇಳಿಕೊಳ್ಳಲು ತಡವಾಗಿ ಮನೆಗೆ ಬರುತ್ತಾನೆ. ಹೆಂಡತಿ ಜೊಆನಾ (ಮೆರಿಲ್ ಸ್ಟ್ರೀಪ್) ಸೂಟ್‌ಕೇಸ್ ಕಟ್ಟಿ ನಿಂತಿದ್ದಾಳೆ. ಅವಳು ಹೋಗುತ್ತಾಳೆ, ಮಗ ಬಿಲ್ಲಿ ಉಳಿಯುತ್ತಾನೆ. ಬಾಸ್ ಕೆಟ್ಟವನಲ್ಲ, ಟೆಡ್ ಮೇಲೆ ಪ್ರೀತಿ ಇರುವವನೇ. ಆದರೂ ಅವನು ಕೊಡುವ ಸಲಹೆ ಏನೆಂದರೆ, ಸ್ವಲ್ಪ ದಿನ ಹುಡುಗನನ್ನು ಯಾರಾದರೂ ಬಂಧುಗಳ ಮನೆಗೆ ಕಳಿಸು. ಟೆಡ್ ಕಳಿಸುವುದಿಲ್ಲ. ಮೀಟಿಂಗಿಗೆ ತಡವಾಗುತ್ತದೆ, ಡೆಡ್‌ಲೈನ್ ತಪ್ಪುತ್ತದೆ, ಕೊನೆಗೆ ಒಂದು ದಿನ ಊಟಕ್ಕೆ ಕರೆದುಕೊಂಡು ಹೋಗಿ ಕೆಲಸದಿಂದ ತೆಗೆಯುತ್ತಾರೆ.

ಅಲ್ಲಿ ಗೆಳೆಯ ಪಾಸ್ ಒತ್ತಿದ. “ಇದು ನಂದೇ ಕತಿ ನೋಡು” ಅಂದ. ಅವನನ್ನು ಯಾರೂ ತೆಗೆದಿಲ್ಲ. ಆದರೆ ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಹೆಂಡತಿ ತಾನು ಈಗ ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಅವನ ಹೆಂಡತಿ ತವರಿನ ಕಡೆಯ ಕೋರ್ಟಿನಲ್ಲಿ ಹಾಕಿದ್ದಾಳೆ. ಬೆಂಗಳೂರಿನಿಂದ ಒಂದು ವಾಯಿದೆಗೆ ಬಂದು ಹೋಗಲು ಎರಡು ರಾತ್ರಿ, ಒಂದು ಹಗಲು. ವಾಯಿದೆ ಮುಂದಕ್ಕೆ ಹೋದರೂ ರಜೆ ಖರ್ಚಾಗಿಯೇ ಆಗುತ್ತದೆ. ಆನ್‌ಕಾಲ್ ಪಾಳಿಯನ್ನು ನಾಲ್ಕು ಸಲ ಬೇರೆಯವರಿಗೆ ದಾಟಿಸಿದ. ಕಾರಣ ಹೇಳಲು ನಾಚಿಕೆ, ‘ಪರ್ಸನಲ್ ವರ್ಕ್’ ಅಂತ ಮೇಲ್ ಹಾಕುತ್ತಿದ್ದ. ವರ್ಷದ ಕೊನೆಗೆ ಮ್ಯಾನೇಜರು ‘ಓನರ್‌ಶಿಪ್ ಕಡಿಮೆ’ ಅಂತ ಬರೆದರು. ಮನಸ್ಸು ಮುರಿದದ್ದಕ್ಕೆ ಕೆಲಸ ಕೆಟ್ಟಿತು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇವನ ಕೆಲಸ ಕೆಟ್ಟದ್ದು ಬಹುಪಾಲು ರೈಲಿನ ಟೈಮ್‌ಟೇಬಲ್ಲಿನಿಂದ.

ಸಿನಿಮಾದ ದೊಡ್ಡಸ್ತಿಕೆ ಇರುವುದು ಇಂಥ ಲೆಕ್ಕದಲ್ಲೇ. ನೌಕರಿ ಹೋದದ್ದನ್ನು ಅದು ಕಣ್ಣೀರಿನಲ್ಲಿ ಹೇಳುವುದಿಲ್ಲ, ಡಾಲರಿನಲ್ಲಿ ಹೇಳುತ್ತದೆ. ನೌಕರಿ ಇಲ್ಲದಿದ್ದರೆ ಮಗ ಸಿಗುವುದು ಕಷ್ಟ ಅಂತ ವಕೀಲರು ಹೇಳಿದ ಮೇಲೆ ಟೆಡ್ ಕ್ರಿಸ್‌ಮಸ್ ಪಾರ್ಟಿ ನಡೆಯುತ್ತಿರುವ ಆಫೀಸಿಗೆ ನುಗ್ಗಿ, ತನ್ನ ಅರ್ಹತೆಗಿಂತ ಕೆಳಗಿನ ಕೆಲಸವನ್ನು ನಿಂತ ಕಾಲಲ್ಲೇ ಕೇಳಿ ಪಡೆಯುತ್ತಾನೆ. 33,000 ಇದ್ದ ಸಂಬಳ 28,200ಕ್ಕೆ ಇಳಿಯುತ್ತದೆ. ಕೋರ್ಟಿನಲ್ಲಿ ಎದುರಾಳಿ ವಕೀಲ ಅದನ್ನೇ ಹಿಡಿದು ಅವನನ್ನು ಹಂಗಿಸುತ್ತಾನೆ. ಮಗನಿಗಾಗಿ ಕಳೆದುಕೊಂಡದ್ದನ್ನೇ ಮಗನಿಗೆ ತಕ್ಕವನಲ್ಲ ಎನ್ನಲು ಸಾಕ್ಷಿ ಮಾಡುತ್ತಾರೆ. ಡೈವೋರ್ಸ್ ಬಗ್ಗೆ ನಾನು ನೋಡಿದ ಸಿನಿಮಾಗಳಲ್ಲಿ ಇಷ್ಟು ಖಚಿತವಾಗಿ ಇದನ್ನು ಹಿಡಿದದ್ದು ಇನ್ನೊಂದಿಲ್ಲ.

ನಮ್ಮಲ್ಲಿ ಏನು ಮಾಡಿದೆವು? ಹಿಂದಿಯಲ್ಲಿ 1995ರಲ್ಲಿ ಇದೇ ಕಥೆಯ ಎಳೆ ಹಿಡಿದು ‘ಅಕೇಲೆ ಹಮ್ ಅಕೇಲೆ ತುಮ್’ ಬಂತು. ಅಲ್ಲಿ ಗಂಡ ಸಂಗೀತಗಾರ, ಹೆಂಡತಿ ಮನೆ ಬಿಟ್ಟು ಸಿನಿಮಾ ತಾರೆ ಆಗುತ್ತಾಳೆ. ತಾರೆಯ ಸಂಬಳವನ್ನು ಯಾರ ಸಂಬಳದ ಜೊತೆ ಹೋಲಿಸುವುದು? ಕೊನೆಗೆ ಇಬ್ಬರೂ ಒಂದಾಗುವುದರಿಂದ ಲೆಕ್ಕ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರ ‘ಮಾನಸ ಸರೋವರ’ (1982) ನೆನಪಾಗುತ್ತದೆ. ಹೆಂಡತಿ ಬಿಟ್ಟುಹೋದ ಮನೋವೈದ್ಯ, ತಾನು ವಾಸಿ ಮಾಡಿದ ಹುಡುಗಿಯನ್ನೇ ಪ್ರೀತಿಸಿ, ಕಡೆಗೆ ತಾನೇ ಬುದ್ಧಿ ಕಳೆದುಕೊಳ್ಳುತ್ತಾನೆ. ಶ್ರೀನಾಥ್ ಅವರ ಅಭಿನಯ ಮರೆಯುವಂಥದ್ದಲ್ಲ. ಆದರೆ ಒಬ್ಬ ಡಾಕ್ಟರನ ವೃತ್ತಿ ಕಣ್ಣೆದುರೇ ಮುಗಿದುಹೋಗುತ್ತಿದ್ದರೂ ಸಿನಿಮಾ ಅಳುವುದು ಪ್ರೇಮಕ್ಕಾಗಿ. ನಾವೂ ಪ್ರೇಮಕ್ಕಾಗಿಯೇ ಅತ್ತು ಬಂದೆವು.

ಇನ್ನು ಕ್ರೇಮರ್ ಜಾರಿಕೊಳ್ಳುವ ಜಾಗ. ಟೆಡ್‌ನ ಇಳಿತವನ್ನು ಒಂದೊಂದು ಮೆಟ್ಟಿಲೂ ತೋರಿಸುವ ಸಿನಿಮಾ ಜೊಆನಾಳ ವಿಷಯಕ್ಕೆ ಬಂದಾಗ ಅವಸರ ಮಾಡುತ್ತದೆ. ಅವಳು ಮದುವೆಗೆ ಮುಂಚೆ ಪತ್ರಿಕೆಯೊಂದರಲ್ಲಿ ದುಡಿಯುತ್ತಿದ್ದಳು. ಮತ್ತೆ ಕೆಲಸಕ್ಕೆ ಹೋಗುತ್ತೇನೆ ಅಂದಾಗ ಟೆಡ್ ಬೇಡವೆಂದಿದ್ದ, ನೀನು ದುಡಿಯುವುದು ಆಯಾಳ ಸಂಬಳಕ್ಕೂ ಸಾಲದು ಅನ್ನುವ ಲೆಕ್ಕ ಹೇಳಿ. ಇದೆಲ್ಲ ಕೋರ್ಟಿನ ಸಾಕ್ಷಿಯಲ್ಲಿ ಒಂದೆರಡು ಮಾತಿನಲ್ಲಿ ಬಂದು ಹೋಗುತ್ತದೆ. ಈಗ ಅವಳು ಉಡುಪು ವಿನ್ಯಾಸಕಿ, ಸಂಬಳ 31,000, ಗಂಡನಿಗಿಂತ ಜಾಸ್ತಿ. ಅಷ್ಟು ವರ್ಷ ಬಿಟ್ಟಿದ್ದವಳು ಅಲ್ಲಿಗೆ ಹೇಗೆ ಮುಟ್ಟಿದಳು? ಎಷ್ಟು ಕಡೆ ‘ಇಷ್ಟು ದಿನ ಏನು ಮಾಡ್ತಿದ್ದಿರಿ’ ಅಂತ ಕೇಳಿಸಿಕೊಂಡಳು? ಒಂದು ದೃಶ್ಯವೂ ಇಲ್ಲ. ಸಾಕ್ಷಿಕಟ್ಟೆಯಲ್ಲಿ ಅವಳು ಆಡುವ ಮಾತುಗಳನ್ನು ಸ್ಟ್ರೀಪ್ ತಾವೇ ತಿದ್ದಿ ಬರೆದುಕೊಂಡರು ಅನ್ನುವುದು ಗೊತ್ತಿರುವ ಸಂಗತಿ. ಅವಳ ಪಾಲಿನ ಕಥೆ ಇಲ್ಲದ ಕಡೆ ನಟಿಯೇ ಪೆನ್ನು ಹಿಡಿಯಬೇಕಾಯಿತು.

ಇದನ್ನು ಯೋಚಿಸುವಾಗ ನಮ್ಮ ದೊಡ್ಡವ್ವ ನೆನಪಾದಳು. ನಮ್ಮ ಸುರಪುರ, ಶಹಾಪುರದ ಕಡೆ ಬಹಳ ಸಮುದಾಯಗಳಲ್ಲಿ ಕೋರ್ಟಿಗಿಂತ ಮುಂಚಿನಿಂದಲೂ ಸೋಡಚೀಟಿ ಇದೆ. ಹಿರಿಯರು ಕೂತು ಗಂಡ–ಹೆಂಡತಿಯನ್ನು ಬಿಡಿಸುತ್ತಾರೆ. ಆಮೇಲೆ ಬೇಕಾದರೆ ಉಡಿಕಿ ಮಾಡಿಕೊಂಡು ಬೇರೆ ಸಂಸಾರ ಹೂಡಬಹುದು. 1955ರ ಕಾಯ್ದೆ ಕೂಡ ರೂಢಿಯ ವಿಚ್ಛೇದನವನ್ನು ತನ್ನ 29ನೇ ಕಲಮಿನಲ್ಲಿ ಉಳಿಸಿಕೊಂಡಿದೆ. ದೊಡ್ಡವ್ವನಿಗೆ ಸೋಡಚೀಟಿ ಆದ ಮೂರನೇ ದಿನ ಅವಳು ಹತ್ತಿ ಹೊಲದಲ್ಲಿ ಕಸ ತೆಗೆಯುತ್ತಿದ್ದಳಂತೆ. ಯಾರೋ ಮರುಗಿದ್ದಕ್ಕೆ “ಗಂಡ ಬಿಟ್ರ ಕುರ್ಪಿ ಬಿಡ್ತದೇನು?” ಅಂದಳಂತೆ. ಮನೆಯಲ್ಲಿ ಈಗಲೂ ಅದನ್ನು ಹೇಳಿ ನಗುತ್ತೇವೆ.

ನಾನೂ ಬಹಳ ದಿನ ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ, ನೋಡ್ರಿ ನಮ್ಮ ಹಳ್ಳಿ ಎಷ್ಟು ಮುಂದೆ ಇತ್ತು ಅಂತ. ಈಗ ಅಷ್ಟು ಧೈರ್ಯ ಇಲ್ಲ. ಕುರ್ಪಿ ಬಿಡಲಿಲ್ಲ ನಿಜ, ಆದರೆ ಆ ಕುರ್ಪಿಗೆ ಬಡ್ತಿಯೂ ಇರಲಿಲ್ಲ. ಬೀಳಲು ಮೆಟ್ಟಿಲೇ ಇಲ್ಲದ ಕಡೆ ಬೀಳುವುದು ಎಲ್ಲಿಂದ? ಅವಳ ಮಗುವನ್ನು ನಮ್ಮ ಅಜ್ಜಿ ನೋಡಿಕೊಂಡಳು, ಹೊಲದ ಗಿಡಕ್ಕೆ ಕಟ್ಟಿದ ಜೋಳಿಗೆ ನೋಡಿಕೊಂಡಿತು. ಹಾಜರಿ ಕೇಳುವ ಆಫೀಸು ಇರಲಿಲ್ಲ, ಅಷ್ಟೇ.

ನಮ್ಮ ಆಫೀಸುಗಳ ಲೆಕ್ಕವೇ ಬೇರೆ. ಒಬ್ಬ ಇಂಜಿನಿಯರನಿಗೆ ಸಂಬಳ ಕೊಡುತ್ತಾರೆ, ದುಡಿಸಿಕೊಳ್ಳುವುದು ಒಂದೂವರೆ ಮನುಷ್ಯನನ್ನು. ಉಳಿದರ್ಧ ಮನೆಯಲ್ಲಿದ್ದು ಡಬ್ಬಿ ಕಟ್ಟುತ್ತದೆ, ಮಗುವಿಗೆ ಜ್ವರ ಬಂದರೆ ರಾತ್ರಿ ಎದ್ದು ಕೂರುತ್ತದೆ. ಸಂಸಾರ ಮುರಿದಾಗ ಆ ಅರ್ಧ ಹೊರಟುಹೋಗುತ್ತದೆ, ಟಾರ್ಗೆಟ್ಟು ಮಾತ್ರ ಒಂದೂವರೆ ಮನುಷ್ಯನದೇ ಉಳಿಯುತ್ತದೆ. ಕ್ರೇಮರನ ಸಂಬಳ ಇಳಿದದ್ದು ಡೈವೋರ್ಸಿನಿಂದ ಅಂತ ನನಗೆ ಅನ್ನಿಸುವುದಿಲ್ಲ. ಅಷ್ಟು ವರ್ಷ ಆ ಸಂಬಳದಲ್ಲಿ ಜೊಆನಾಳ ಪಾಲೂ ಇತ್ತು, ಅದು ಹೋಯಿತು. ಬಾಸ್ ಹೇಳಿದ ‘ಹುಡುಗನನ್ನು ಬಂಧುಗಳ ಮನೆಗೆ ಕಳಿಸು’ ಅನ್ನುವ ಮಾತಿನ ಅರ್ಥ, ಆ ಅರ್ಧವನ್ನು ಎಲ್ಲಿಂದಲಾದರೂ ಹುಡುಕಿಕೊಂಡು ಬಾ ಎಂದು.

ಈ ಪಾಲಿನ ವಿಷಯವನ್ನು ಸಿನಿಮಾಕ್ಕಿಂತ ನಮ್ಮ ಸುಪ್ರೀಂ ಕೋರ್ಟೇ ಸ್ಪಷ್ಟವಾಗಿ ಹೇಳಿದೆ. 2020ರ ರಜನೀಶ್–ನೇಹಾ ತೀರ್ಪಿನ ಪ್ರಕಾರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಕೊಡಬೇಕು. ಸಂಸಾರಕ್ಕಾಗಿ ನೌಕರಿ ಬಿಟ್ಟ ಹೆಂಡತಿಗೆ ವರ್ಷಗಳ ಮೇಲೆ ಮತ್ತೆ ಕೆಲಸ ಸಿಗುವುದು ಎಷ್ಟು ಕಷ್ಟ ಅನ್ನುವುದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಜೊಆನಾಳ ಬಗ್ಗೆ ತೋರಿಸದೇ ಬಿಟ್ಟ ದೃಶ್ಯ ಇದೇ.

ನಸುಕಿನಲ್ಲಿ ಯಾದಗಿರಿಯಲ್ಲಿ ಇಳಿದು ಬಸ್ಸು ಹಿಡಿದೆವು. ಶಹಾಪುರ ಹತ್ತಿರ ಬಂದಾಗ ಬೆಳಕಾಗಿತ್ತು, ಮಲಗಿದ ಬುದ್ಧನ ಗುಡ್ಡ ಕಾಣುತ್ತಿತ್ತು. ಗೆಳೆಯ ನೋಡಲಿಲ್ಲ. ನೆಟ್‌ವರ್ಕ್ ಬಂದಿತ್ತು, ಮೇಲ್ ಓದುತ್ತಿದ್ದ. ಅವನೊಬ್ಬನೇ ಹೋಗುವುದು ಬೇಡವೆಂದು ನಾನೂ ಕೋರ್ಟಿನ ತನಕ ಹೋದೆ. ಜವಳ ಇದ್ದದ್ದು ಮರುದಿನ.

ವರಾಂಡದಲ್ಲಿ ಅವನ ಹೆಂಡತಿ ತನ್ನ ಅಣ್ಣನ ಜೊತೆ ನಿಂತಿದ್ದಳು. ಆಕೆಯೂ ಬಿಇ, ಬೆಂಗಳೂರಿನಲ್ಲಿ ಟೆಸ್ಟಿಂಗ್ ಮಾಡುತ್ತಿದ್ದವಳು. ಮಗು ಆದ ಮೇಲೆ ಬಿಟ್ಟಳು, ಮೂರು ವರ್ಷ ಆಯಿತು. ತವರೂರಿನಲ್ಲಿ ಅವಳ ಓದಿಗೆ ತಕ್ಕ ಕೆಲಸ ಇಲ್ಲ. ಮಗುವನ್ನು ಬಿಟ್ಟು ಬೆಂಗಳೂರಿಗೆ ಬಂದರೆ ಮಗು ಯಾರ ಹತ್ತಿರ ಅನ್ನುವ ಪ್ರಶ್ನೆ ಕೇಸಿಗೇ ಸೇರಿಕೊಳ್ಳುತ್ತದೆ. ನನ್ನ ಗೆಳೆಯನ ರಜೆ ತಿನ್ನುವ ವಾಯಿದೆ ಅವಳ ಇಂಟರ್‌ವ್ಯೂಗಳನ್ನೂ ತಿನ್ನುತ್ತಿದೆ ಅನ್ನುವುದು ಅಲ್ಲಿಯತನಕ ನನ್ನ ತಲೆಗೇ ಬಂದಿರಲಿಲ್ಲ. ನಾನೂ ಸಿನಿಮಾದ ಹಾಗೆ ಟೆಡ್‌ನ ಕಡೆಯಿಂದಲೇ ನೋಡುತ್ತಿದ್ದೆ.

ಗೆಳೆಯ ವಕೀಲರನ್ನು ಹುಡುಕಲು ಆ ಕಡೆ ಹೋದಾಗ ಆಕೆ ಹತ್ತಿರ ಬಂದಳು. “ಅಣ್ಣಾರ, ನಿಮ್ಮ ಕಂಪನಿಯಾಗ ಟೆಸ್ಟಿಂಗ್ ಓಪನಿಂಗ್ ಏನರ ಅದಾವೇನ್ರಿ? ಮನಿಯಿಂದ ಮಾಡೋದಿದ್ರ ಚಲೋ ಆಗ್ತಿತ್ತು” ಅಂದಳು. ರೆಸ್ಯುಮೆ ಕಳಿಸಮ್ಮ ಅಂದೆ. ಅಲ್ಲೇ ನಿಂತು ಕಳಿಸಿದಳು. ಕೊನೆಯ ಮೂರು ವರ್ಷದ ಜಾಗದಲ್ಲಿ ಏನೂ ಬರೆದಿರಲಿಲ್ಲ, ಖಾಲಿ ಬಿಟ್ಟಿದ್ದಳು. ಅಲ್ಲಿ ಏನು ಬರೆಯಬೇಕು ಅಂತ ನನಗೂ ತಿಳಿಯಲಿಲ್ಲ. ಹಾಗೇ ಫಾರ್ವರ್ಡ್ ಮಾಡಿದೆ.