ಗಡಿಯಾರ, ಪ್ರನಾಳ, ಗಂಭೀರ ದನಿ

ಹಳೆಯ ಶೈಕ್ಷಣಿಕ ವಿಜ್ಞಾನ ಕಾರ್ಯಕ್ರಮಗಳನ್ನು ಜನ ಇಂದು ಅಂತರಜಾಲದಲ್ಲಿ ಹುಡುಕಿ ನೋಡುತ್ತಾರೆ. ಮಾಸಿದ ಬಣ್ಣ, ಅಗಲ ಕಾಲರಿನ ಅಂಗಿ ತೊಟ್ಟ ಪ್ರಾಧ್ಯಾಪಕ, ಕಪ್ಪುಹಲಗೆ, ಏರಿಳಿತವಿಲ್ಲದ ನಿರೂಪಣೆ – ಇವೆಲ್ಲ ಈಗ ಆಪ್ತವೆನಿಸುತ್ತವೆ. ಆಗ ವಿಜ್ಞಾನವನ್ನು ಗಂಭೀರವಾಗಿ ಹೇಳುತ್ತಿದ್ದರು, ಈಗ ಬರೀ ಗದ್ದಲ ಎಂಬ ಮಾತೂ ಕೇಳಿಬರುತ್ತದೆ. ಈ ಹಂಬಲದಲ್ಲಿ ಹುರುಳೆಷ್ಟು? ಇದನ್ನು ಅಳೆಯಲು ಒಂದು ಅಣಕು ಕಾರ್ಯಕ್ರಮವೇ ಒಳ್ಳೆಯ ಸಾಧನವೆಂದು ನನಗನ್ನಿಸುತ್ತದೆ.

ಬ್ರಿಟನ್ನಿನ ಬಿಬಿಸಿ 2 ವಾಹಿನಿಯಲ್ಲಿ 2002ರಲ್ಲಿ ‘ಲುಕ್ ಅರೌಂಡ್ ಯು’ ಎಂಬ ಹಾಸ್ಯ ಸರಣಿ ಪ್ರಸಾರವಾಯಿತು. ರಾಬರ್ಟ್ ಪಾಪರ್ ಮತ್ತು ಪೀಟರ್ ಸೆರಾಫಿನೋವಿಚ್ ಇದರ ಕರ್ತೃಗಳು. ಸುಮಾರು ಹತ್ತು ನಿಮಿಷಗಳ ಒಂದೊಂದು ಕಂತೂ 1970ರ ದಶಕದ ಮತ್ತು 1980ರ ದಶಕದ ಆರಂಭದ ಶಾಲಾ ಪ್ರಸಾರಗಳ ಪಡಿಯಚ್ಚು. ಮೊದಲು ಸೆಕೆಂಡುಗಳನ್ನು ಎಣಿಸುವ ಗಡಿಯಾರ. ಅನಂತರ ವಿದ್ಯುನ್ಮಾನ ಸಂಗೀತ. ಆಮೇಲೆ ಪ್ರನಾಳ, ಬೀಕರು, ಚೀಟಿ ಅಂಟಿಸಿದ ಸೀಸೆಗಳು. ನಿರೂಪಕನ ಗಂಭೀರ ದನಿ ಆಗಾಗ ಟಿಪ್ಪಣಿ ಬರೆದುಕೊಳ್ಳಲು ಹೇಳುತ್ತದೆ. ಎಲ್ಲವೂ ಸರಿಯಾಗಿದೆ, ವಿಜ್ಞಾನವೊಂದನ್ನು ಬಿಟ್ಟು. ಅತಿ ದೊಡ್ಡ ಸಂಖ್ಯೆ ಸುಮಾರು 45 ಶತಕೋಟಿ ಎಂದು ಗಣಿತದ ಕಂತು ಹೇಳುತ್ತದೆ. ನೀರು, ಗಂಧಕ, ಕಬ್ಬಿಣಗಳಿಗೆ ಒಂದೊಂದು ಕಂತು ಇರುವಂತೆ ದೆವ್ವಗಳಿಗೂ ಒಂದು ಕಂತಿದೆ. ದನಿ ಮಾತ್ರ ಎಲ್ಲಕ್ಕೂ ಒಂದೇ.

ಅಣಕವಾಗಿ ಇದು ಬಹಳ ಯಶಸ್ವಿ. ಬೈಯದೆ, ಗೇಲಿಯ ನಗೆಯನ್ನೂ ತೋರದೆ, ಹೊರರೂಪವನ್ನು ಪ್ರೀತಿಯಿಂದ ಕಟ್ಟಿ ಒಳಗಿನ ತಿರುಳನ್ನು ಮಾತ್ರ ತೆಗೆದುಬಿಡುತ್ತದೆ. ಆದರೂ ಕಾರ್ಯಕ್ರಮ ಕುಸಿಯುವುದಿಲ್ಲ. ಪಾಠದ ವೇಷಕ್ಕೂ ಪಾಠದ ಸತ್ಯಕ್ಕೂ ಸಂಬಂಧ ಎಷ್ಟು ಸಡಿಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಒಂದು ಮಿತಿಯನ್ನೂ ಹೇಳಬೇಕು. ಶಾಲೆಯಲ್ಲಿ ಒಂದಿಷ್ಟು ವಿಜ್ಞಾನ ಕಲಿತವರಿಗಷ್ಟೇ ಇದು ನಗೆ ತರಿಸುತ್ತದೆ. ಏನೂ ತಿಳಿಯದ ಮಗುವಿನ ಮುಂದಿಟ್ಟರೆ ಇದೂ ಒಂದು ಪಾಠವೇ ಆಗಿಬಿಡುತ್ತದೆ.

ಆ ರೂಪ ಬಂದದ್ದು ಹೇಗೆ?

ಇಂದು ನಾವು ‘ಶೈಲಿ’ ಎನ್ನುವುದು ಅಂದು ಬಹುಪಾಲು ಅನಿವಾರ್ಯತೆಯಾಗಿತ್ತು. ವಿಡಿಯೋ ಮುದ್ರಣ ಯಂತ್ರ ಶಾಲೆಗಳಿಗೆ ಬರುವ ಮುನ್ನ ಪ್ರಸಾರದ ಹೊತ್ತಿಗೆ ಸರಿಯಾಗಿ ತರಗತಿ ಸಿದ್ಧವಿರಬೇಕಿತ್ತು. ಮಕ್ಕಳನ್ನು ಕೂರಿಸಿ ಗದ್ದಲ ಅಡಗಿಸಲು ಶಿಕ್ಷಕರಿಗೆ ಒಂದೆರಡು ನಿಮಿಷ ಬೇಕು. ಗಡಿಯಾರ ಇದ್ದುದು ಅದಕ್ಕಾಗಿ. ವಾದ್ಯವೃಂದಕ್ಕೆ ಹಣವಿಲ್ಲದಾಗ ವಿದ್ಯುನ್ಮಾನ ಸಂಗೀತವೇ ಗತಿ. 1958ರಲ್ಲಿ ಆರಂಭವಾದ ಬಿಬಿಸಿಯ ‘ರೇಡಿಯೋಫೋನಿಕ್ ವರ್ಕ್‌ಶಾಪ್’ ಶಾಲಾ ಕಾರ್ಯಕ್ರಮಗಳಿಗೂ ಇಂಥ ಸಂಗೀತವನ್ನು ಒದಗಿಸಿತು. ನಿರೂಪಣೆ ನಿಧಾನವಾಗಿದ್ದುದು ಮಕ್ಕಳು ಬರೆದುಕೊಳ್ಳಲೆಂದು. ಹೀಗಾಗಿ ಇವು ಉತ್ತಮ ಬೋಧನೆಯ ಲಕ್ಷಣಗಳೂ ಅಲ್ಲ, ಕೆಟ್ಟ ಬೋಧನೆಯ ಲಕ್ಷಣಗಳೂ ಅಲ್ಲ. ನೀರಸ ಪಾಠಗಳೂ ಇದೇ ವೇಷದಲ್ಲಿ ಬಂದವು. ಅವನ್ನು ಯಾರೂ ಹುಡುಕಿ ನೋಡುವುದಿಲ್ಲವಾದ್ದರಿಂದ ಹಳೆಯದೆಲ್ಲ ಚೆನ್ನಾಗಿತ್ತು ಎಂಬ ಭ್ರಮೆ ಉಳಿಯುತ್ತದೆ.

ಅಣಕಕ್ಕೆ ಸಿಕ್ಕದ್ದು

ಹಾಗಾದರೆ ಹಳೆಯ ಪಾಠಗಳಲ್ಲಿ ನಿಜವಾಗಿ ಒಳ್ಳೆಯದಾಗಿದ್ದದ್ದು ಏನು? ಉತ್ತರಕ್ಕೆ 1960ರ ಒಂದು ಕಪ್ಪು-ಬಿಳುಪು ಚಿತ್ರವನ್ನು ನೋಡಬೇಕು. ಅದರ ಹೆಸರು ‘ಫ್ರೇಮ್ಸ್ ಆಫ್ ರೆಫರೆನ್ಸ್’, ಅಂದರೆ ನಿರ್ದೇಶನ ಚೌಕಟ್ಟುಗಳು. ಅಮೆರಿಕದಲ್ಲಿ ಪ್ರೌಢಶಾಲಾ ಭೌತವಿಜ್ಞಾನವನ್ನು ಹೊಸದಾಗಿ ರೂಪಿಸಲು 1956ರಲ್ಲಿ ಹುಟ್ಟಿದ ಪಿಎಸ್‌ಎಸ್‌ಸಿ ಸಮಿತಿಗಾಗಿ ಇದು ತಯಾರಾಯಿತು. ಪಾಠ ಮಾಡಿದವರು ಟೊರಾಂಟೊ ವಿಶ್ವವಿದ್ಯಾಲಯದ ಪ್ಯಾಟರ್ಸನ್ ಹ್ಯೂಮ್ ಮತ್ತು ಡೊನಾಲ್ಡ್ ಐವಿ. ಇಬ್ಬರೂ ಕೆನಡಾದ ಸಿಬಿಸಿ ದೂರದರ್ಶನದಲ್ಲಿ ಭೌತವಿಜ್ಞಾನ ಕಲಿಸಿ ಪಳಗಿದವರು.

ಚಿತ್ರದ ಆರಂಭದಲ್ಲಿ ಇವರಲ್ಲಿ ಒಬ್ಬರು ತಲೆಕೆಳಗಾಗಿ ಕಾಣುತ್ತಾರೆ. ತಲೆಕೆಳಗಾಗಿರುವವರು ಯಾರು ಎಂದು ಇಬ್ಬರಲ್ಲಿ ವಾದ. ಇದು ಬರೀ ತಮಾಷೆಯಲ್ಲ, ಪಾಠದ ಮೊದಲ ವಾಕ್ಯವೇ ಅದು. ಮುಂದೆ ತಿರುಗುವ ದೊಡ್ಡ ಮೇಜೊಂದು ಬರುತ್ತದೆ. ಅದರ ಮೇಲೆ ಒಣ ಮಂಜುಗಡ್ಡೆ ತುಂಬಿದ ಒಂದು ಬಿಲ್ಲೆ. ಘನರೂಪದ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಬಿಲ್ಲೆಯ ಅಡಿಯಿಂದ ಹೊರಬರುವುದರಿಂದ ಘರ್ಷಣೆ ತೀರ ಕಡಿಮೆ. ಬಿಲ್ಲೆಯನ್ನು ತಳ್ಳಿದಾಗ ನೆಲದ ಮೇಲೆ ಸ್ಥಿರವಾಗಿ ನಿಂತ ಕ್ಯಾಮೆರಾಗೆ ಅದರ ಹಾದಿ ನೇರವಾಗಿ ಕಾಣುತ್ತದೆ. ಮೇಜಿನ ಜೊತೆಗೇ ತಿರುಗುವ ಕ್ಯಾಮೆರಾಗೆ ಅದೇ ಬಿಲ್ಲೆ ಬಾಗಿದ ಹಾದಿಯಲ್ಲಿ ಸಾಗುತ್ತದೆ. ಬಿಲ್ಲೆಯ ಮೇಲೆ ಅಡ್ಡಲಾಗಿ ಯಾವ ಬಲವೂ ಇಲ್ಲ. ಆದರೂ ಮೇಜಿನ ಮೇಲೆ ಕುಳಿತವರು ನ್ಯೂಟನ್ನನ ನಿಯಮವನ್ನು ಉಳಿಸಿಕೊಳ್ಳಬೇಕಾದರೆ ಬಲವೊಂದನ್ನು ಕಲ್ಪಿಸಿಕೊಳ್ಳಲೇಬೇಕು. ಪುಸ್ತಕದಲ್ಲಿ ನಾವು ‘ಮಿಥ್ಯಾಬಲ’ ಎಂದು ಬಾಯಿಪಾಠ ಮಾಡುವ ವಿಷಯ ಇಲ್ಲಿ ಕಣ್ಣೆದುರೇ ನಡೆಯುತ್ತದೆ.

ಗಮನಿಸಿ: ಇಲ್ಲಿ ಕ್ಯಾಮೆರಾ ಪಾಠವನ್ನು ಚಿತ್ರೀಕರಿಸುವ ಯಂತ್ರ ಮಾತ್ರವಲ್ಲ, ಪ್ರಯೋಗದ ಉಪಕರಣವೂ ಹೌದು. ಮಾಧ್ಯಮವನ್ನು ಬಿಟ್ಟರೆ ಪಾಠವೇ ಇಲ್ಲ. ಅಷ್ಟೇ ಅಲ್ಲ, ಈ ಫಲಿತಾಂಶವನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು. ರಟ್ಟಿನ ಬಿಲ್ಲೆಯೊಂದನ್ನು ನಡುವೆ ಗುಂಡುಪಿನ್ನು ಚುಚ್ಚಿ ತಿರುಗುವಂತೆ ಮಾಡಿ. ಒಬ್ಬರು ಅದನ್ನು ಒಂದೇ ವೇಗದಲ್ಲಿ ತಿರುಗಿಸುತ್ತಿರಲಿ. ಇನ್ನೊಬ್ಬರು ರಟ್ಟಿಗೆ ತಾಗದಂತೆ ಹಿಡಿದ ಅಳತೆಪಟ್ಟಿಯ ಅಂಚಿನಗುಂಟ ನಡುವಿನಿಂದ ಹೊರಕ್ಕೆ ಪೆನ್ನು ಎಳೆಯಲಿ. ಕೈ ನೇರವಾಗಿ ಸಾಗಿದರೂ ರಟ್ಟಿನ ಮೇಲೆ ಮೂಡುವುದು ಬಾಗಿದ ಗೆರೆ. ‘ಲುಕ್ ಅರೌಂಡ್ ಯು’ ನಕಲು ಮಾಡಲಾಗದ್ದು ಇದನ್ನೇ. ಅಣಕಿನಲ್ಲಿ ಪ್ರಯೋಗ ಎಂದೂ ಸೋಲುವುದಿಲ್ಲ; ಹೇಳಿದ್ದೆಲ್ಲ ಆಗಿಯೇ ಆಗುತ್ತದೆ. ನಿಜವಾದ ಪ್ರಯೋಗಕ್ಕೆ ಸೋಲುವ ಅವಕಾಶವಿದೆ.

ನಮ್ಮ ದೂರದರ್ಶನದ ನೆನಪು

ನಮ್ಮಲ್ಲಿ ಈ ಹಂಬಲ ಹೆಚ್ಚಾಗಿ ಸುತ್ತುವುದು ಯುಜಿಸಿ 1984ರಲ್ಲಿ ಆರಂಭಿಸಿದ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ಮತ್ತು 1990ರ ದಶಕದ ‘ಟರ್ನಿಂಗ್ ಪಾಯಿಂಟ್’ ಕಾರ್ಯಕ್ರಮಗಳ ಸುತ್ತ. ಎರಡನೆಯದರ ನಿರೂಪಕರು ಗಿರೀಶ ಕಾರ್ನಾಡ. ಅದರಲ್ಲಿ ವೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದವರು ವಿಶ್ವಕಿರಣಗಳ ಸಂಶೋಧಕ ಯಶ್ ಪಾಲ್. ಯಶ್ ಪಾಲರಿಗೆ ಈ ಮಾಧ್ಯಮ ಹೊಸದಲ್ಲ. 1975-76ರ ‘ಸೈಟ್’ ಉಪಗ್ರಹ ಪ್ರಯೋಗದ ಕಾಲದಲ್ಲಿ ಅವರು ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ನಿರ್ದೇಶಕರಾಗಿದ್ದರು. ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೂ ಆ ಪ್ರಸಾರ ತಲುಪಿತ್ತು. 2017ರಲ್ಲಿ ಯಶ್ ಪಾಲ್, 2019ರಲ್ಲಿ ಕಾರ್ನಾಡರು ತೀರಿಕೊಂಡಾಗ ಅನೇಕರು ಆ ಕಾರ್ಯಕ್ರಮವನ್ನು ನೆನೆದರು. ನೆನೆದದ್ದು ಸರಿಯೇ. ಆದರೆ ಅದರ ಬೆಲೆ ಇದ್ದುದು ಆ ಗಡ್ಡದಲ್ಲೂ ಅಲ್ಲ, ಆ ಸೊಗಸಾದ ದನಿಯಲ್ಲೂ ಅಲ್ಲ. ಪ್ರಶ್ನೆ ವೀಕ್ಷಕನದಾಗಿತ್ತು, ಉತ್ತರ ಪ್ರಶ್ನೆಯಿಂದಲೇ ಹೊರಡುತ್ತಿತ್ತು.

ವೇಷ ಈಗ ಅಗ್ಗ

ಈ ವಿಮರ್ಶೆಗೆ ಕಾರಣ ಹಳೆಯದರ ಮೇಲಿನ ಸಿಟ್ಟಲ್ಲ. ಗಂಭೀರ ದನಿ, ಪ್ರಯೋಗಾಲಯದ ಬಿಳಿ ಅಂಗಿ, ಅಚ್ಚುಕಟ್ಟಾದ ರೇಖಾಚಿತ್ರ ಇವೆಲ್ಲ ಇಂದು ಯಾರಿಗೆ ಬೇಕಾದರೂ ಕೈಗೆಟಕುತ್ತವೆ. ಬರೀ ಕಾಂತಗಳಿಂದ ಸದಾ ತಿರುಗುವ ಮೋಟಾರು, ಅದರಿಂದ ಉರಿಯುವ ದೀಪ – ಇಂಥ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಶಕ್ತಿಯ ಸಂರಕ್ಷಣಾ ನಿಯಮದ ಪ್ರಕಾರ ಅದು ಅಸಾಧ್ಯ. ಎಲ್ಲೋ ಒಂದು ಬ್ಯಾಟರಿ ಅಡಗಿರಲೇಬೇಕು. ಶೈಲಿಯನ್ನು ನೋಡಿ ನಂಬುವ ಅಭ್ಯಾಸವಾದವರಿಗೆ ಇದೂ ‘ಗಂಭೀರ ವಿಜ್ಞಾನ’ವಾಗಿ ಕಾಣುತ್ತದೆ. ಅಣಕಿಗೆ ನಕ್ಕವರು ಇದಕ್ಕೆ ಮೋಸಹೋಗಬಹುದು, ಏಕೆಂದರೆ ಇದು ನಗಿಸುವುದಿಲ್ಲ.

ಆದ್ದರಿಂದ ಹೊಸದಾಗಿ ಕನ್ನಡದಲ್ಲಿ ವಿಜ್ಞಾನ ಪಾಠಗಳನ್ನು ಚಿತ್ರೀಕರಿಸುತ್ತಿರುವ ಶಿಕ್ಷಕ ಮಿತ್ರರಲ್ಲಿ ಒಂದು ಅರಿಕೆ. ಹಿನ್ನೆಲೆ ಸಂಗೀತ ಯಾವುದಾದರೂ ಇರಲಿ. ಪ್ರಯೋಗವನ್ನು ನಡುವೆ ಕತ್ತರಿಸದೆ ತೋರಿಸಿ, ಅಳತೆಗಳನ್ನು ಹೇಳಿ, ಮಕ್ಕಳು ತಾವೇ ಮಾಡಿ ನೋಡಬಹುದಾದ ಒಂದು ಭಾಗವನ್ನಾದರೂ ಉಳಿಸಿ. ಹ್ಯೂಮ್ ಮತ್ತು ಐವಿಯವರ ಚಿತ್ರವನ್ನು ತರಗತಿಯಲ್ಲಿ ತೋರಿಸುವುದಾದರೆ ಬಿಲ್ಲೆಯನ್ನು ತಳ್ಳುವ ಮುನ್ನವೇ ನಿಲ್ಲಿಸಿ. ತಿರುಗುವ ಕ್ಯಾಮೆರಾಗೆ ಹಾದಿ ಹೇಗೆ ಕಂಡೀತು ಎಂದು ಕೇಳಿ, ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಹಾಳೆಯ ಮೇಲೆ ಬರೆಯಲಿ. ಚಿತ್ರವನ್ನು ಮುಂದುವರಿಸುವುದು ಅನಂತರ.