ಗುರುತಿನ ಚೀಟಿ ಇಲ್ಲದ ನಾಯಕಿಯರು

ಹಸಿರು ಕಣ್ಣಿನ ಆ ಅಫ್ಘನ್ ಹುಡುಗಿಯ ಚಿತ್ರವನ್ನು ನೋಡದವರು ಕಡಿಮೆ. 1984ರಲ್ಲಿ ಪಾಕಿಸ್ತಾನದ ಪೇಶಾವರದ ಹತ್ತಿರವಿದ್ದ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ, ಡೇರೆಯೊಳಗೆ ನಡೆಯುತ್ತಿದ್ದ ಶಾಲೆಯೊಂದರಲ್ಲಿ ಸ್ಟೀವ್ ಮೆಕರಿ ಅದನ್ನು ತೆಗೆದ. ಮರುವರ್ಷ ಅದು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟವಾಯಿತು. ಸಂಶೋಧನೆಯ ಮೊದಲ ವರ್ಷ ವಿಭಾಗದ ಸೆಮಿನಾರಿನಲ್ಲಿ ನಾನೂ ಅದನ್ನೇ ಮೊದಲ ಸ್ಲೈಡಿಗೆ ಹಾಕಿ, ‘ಈ ಕಣ್ಣುಗಳಲ್ಲಿ ಯುದ್ಧದ ಭಯವಿದೆ’ ಎಂದು ಹೇಳಿದ್ದೆ. ಯಾರೂ ಪ್ರಶ್ನಿಸಲಿಲ್ಲ. ನಾನೂ ನನ್ನನ್ನು ಪ್ರಶ್ನಿಸಿಕೊಳ್ಳಲಿಲ್ಲ.

ಪತ್ರಿಕೆಯವರು 2002ರಲ್ಲಿ ಆಕೆಯನ್ನು ಹುಡುಕಿ ಮಾತನಾಡಿಸಿದರು. ಅದುವರೆಗೆ ಆಕೆಗೆ ಓದುಗರ ಪಾಲಿಗೆ ಹೆಸರೇ ಇರಲಿಲ್ಲ. ಹೆಸರು ಶರ್ಬತ್ ಗುಲಾ ಎಂದು ಆಗ ತಿಳಿಯಿತು. ಆ ಚಿತ್ರವನ್ನು ಆಕೆ ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಚಿತ್ರ ತೆಗೆದ ಗಳಿಗೆಯ ಬಗ್ಗೆ ಆಕೆಗೆ ನೆನಪಿದ್ದದ್ದು ಸಿಟ್ಟು. ಅಪರಿಚಿತ ಗಂಡಸೊಬ್ಬ ಕ್ಯಾಮೆರಾ ಹಿಡಿದು ಎದುರು ನಿಂತದ್ದಕ್ಕೆ ಬಂದ ಸಿಟ್ಟು. ನಾನು ಓದಿದ್ದು ಭಯ, ಅಲ್ಲಿದ್ದದ್ದು ಕೋಪ. ನನ್ನ ಇಡೀ ಪ್ರಬಂಧದ ದಿಕ್ಕು ಬದಲಾದದ್ದು ಈ ಒಂದು ತಪ್ಪಿನಿಂದ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. 2016ರಲ್ಲಿ ನಕಲಿ ಗುರುತಿನ ಚೀಟಿ ಹೊಂದಿದ ಆರೋಪದ ಮೇಲೆ ಪಾಕಿಸ್ತಾನ ಆಕೆಯನ್ನು ಬಂಧಿಸಿ, ಅಫ್ಘಾನಿಸ್ತಾನಕ್ಕೆ ಗಡೀಪಾರು ಮಾಡಿತು. 2021ರಲ್ಲಿ ತಾಲಿಬಾನ್ ಮರಳಿದ ಮೇಲೆ ಇಟಲಿ ಆಶ್ರಯ ಕೊಟ್ಟಿತು. ಜಗತ್ತೇ ಗುರುತಿಸುವ ಮುಖ ಆಕೆಯದು. ದಶಕಗಳ ಕಾಲ ಬದುಕಿದ ದೇಶದಲ್ಲಿ ಉಳಿಯಲು ಮಾತ್ರ ಆ ಮುಖ ಸಾಲಲಿಲ್ಲ, ಒಂದು ಚೀಟಿ ಬೇಕಿತ್ತು. ನೆರೆದೇಶಗಳಲ್ಲಿ ನೆಲೆ ಅರಸಿದ ಅಫ್ಘನ್ ಹೆಣ್ಣುಮಕ್ಕಳ ಬಗ್ಗೆ ಬಂದಿರುವ ಕೃತಿಗಳಿಗೆ ನಾನು ಈಗ ಕೇಳುವ ಪ್ರಶ್ನೆ ಇದೇ: ಇಲ್ಲಿ ಮುಖ ಯಾರದು, ಮಾತು ಯಾರದು, ಚೀಟಿ ಯಾರ ಕೈಯಲ್ಲಿದೆ?

ಮಜೀದ್ ಮಜೀದಿಯ ‘ಬಾರಾನ್’ (2001) ಸಿನಿಮಾ ತೆಗೆದುಕೊಳ್ಳಿ. ಟೆಹ್ರಾನಿನಲ್ಲಿ ಕಟ್ಟುತ್ತಿರುವ ಒಂದು ಕಟ್ಟಡ. ಕಾಗದಪತ್ರವಿಲ್ಲದ ಅಫ್ಘನ್ ಕೂಲಿಯೊಬ್ಬ ಮೇಲಿನಿಂದ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ಮನೆ ನಡೆಯಬೇಕಲ್ಲ, ಮಗಳು ಗಂಡುವೇಷ ತೊಟ್ಟು ರಹಮತ್ ಎಂಬ ಹೆಸರಿನಲ್ಲಿ ಕೆಲಸಕ್ಕೆ ಬರುತ್ತಾಳೆ. ಟೀ ಕೊಡುವ ಇರಾನಿ ಹುಡುಗ ಲತೀಫನಿಗೆ ಮೊದಲು ಅವಳ ಮೇಲೆ ದ್ವೇಷ. ಅವಳು ಹುಡುಗಿ ಎಂದು ಗೊತ್ತಾದ ಮೇಲೆ ಪ್ರೀತಿ. ಕೊನೆಗೆ ಅವಳ ಕುಟುಂಬಕ್ಕಾಗಿ ಆತ ತನ್ನ ಗುರುತಿನ ಚೀಟಿಯನ್ನೇ ಮಾರಿಬಿಡುತ್ತಾನೆ.

ಮೊದಲ ಸಲ ನೋಡಿದಾಗ ನನ್ನ ಕಣ್ಣು ಒದ್ದೆಯಾಗಿತ್ತು. ಎರಡನೆಯ ಸಲ ನೋಡುವಾಗ ಎಣಿಸುತ್ತಾ ಕೂತೆ: ಇಡೀ ಸಿನಿಮಾದಲ್ಲಿ ಬಾರಾನ್ ಒಂದೂ ಮಾತು ಆಡುವುದಿಲ್ಲ. ವೇಷದಲ್ಲಿರುವಾಗ ದನಿ ಗುಟ್ಟು ಬಿಟ್ಟುಕೊಡಬಾರದು ಎಂದು ಸುಮ್ಮನಿದ್ದಾಳೆ ಅನ್ನಬಹುದು. ವೇಷ ಕಳಚಿದ ಮೇಲೂ ಅವಳು ಮೌನಿ. ಈ ಮೌನವನ್ನು ಸೂಫಿ ಪ್ರೇಮದ ಪರಿಭಾಷೆಯಲ್ಲಿ ಓದಲು ಸಾಧ್ಯವಿದೆ: ಪ್ರಿಯೆ ಮಾತಾಡಬೇಕಿಲ್ಲ, ಪ್ರೇಮಿ ತನ್ನನ್ನು ಕಳೆದುಕೊಂಡರೆ ಸಾಕು. ಆದರೆ ಲತೀಫ್ ತಂದುಕೊಟ್ಟ ಹಣದಿಂದ ಆಗುವುದೇನು? ಕುಟುಂಬ ಅಫ್ಘಾನಿಸ್ತಾನಕ್ಕೆ ಹಿಂತಿರುಗುತ್ತದೆ. ಆಗ ಅಲ್ಲಿ ತಾಲಿಬಾನ್ ಆಳ್ವಿಕೆ. ಅವನ ತ್ಯಾಗ ಅವಳನ್ನು ಬುರ್ಖಾದೊಳಗೆ, ಬಿಟ್ಟುಬಂದ ದೇಶದೊಳಗೆ ಮತ್ತೆ ಕಳಿಸುತ್ತದೆ. ಕೆಸರಿನಲ್ಲಿ ಉಳಿದ ಅವಳ ಹೆಜ್ಜೆಗುರುತಿಗೆ ಮಳೆನೀರು ತುಂಬುವ ಕೊನೆಯ ದೃಶ್ಯ ಬಹಳ ಚಂದ. ಆದರೆ ಆ ಹೆಜ್ಜೆ ಎಲ್ಲಿಗೆ ಹೋಯಿತೆಂದು ಸಿನಿಮಾ ಕೇಳುವುದಿಲ್ಲ. ಲತೀಫನ ಮುಖದ ಸಣ್ಣ ನಗುವಿನಲ್ಲಿ ನಮಗೂ ಸಮಾಧಾನ ಸಿಕ್ಕಿಬಿಡುತ್ತದೆ.

ರುಖ್ಸಾರೆ ಘಾಯಮ್‌ಮಘಾಮಿಯ ‘ಸೋನಿತಾ’ (2015) ಸಾಕ್ಷ್ಯಚಿತ್ರದ ಹುಡುಗಿಗೆ ಮಾತೇ ಬಂಡವಾಳ. ಹೆರಾತ್‌ನಿಂದ ಬಂದು ಟೆಹ್ರಾನಿನಲ್ಲಿ ಕಾಗದಪತ್ರವಿಲ್ಲದೆ ಬೆಳೆದ ಸೋನಿತಾ ಅಲಿಜಾದೆ ರ‍್ಯಾಪ್ ಹಾಡುತ್ತಾಳೆ, ಅದೂ ಹೆಂಗಸರು ಬಹಿರಂಗವಾಗಿ ಒಬ್ಬರೇ ಹಾಡಲು ನಿರ್ಬಂಧವಿರುವ ದೇಶದಲ್ಲಿ. ಅಣ್ಣನ ಮದುವೆಗೆ ತೆರ ಹೊಂದಿಸಲು ಅವಳನ್ನು ಮದುವೆ ಮಾಡಿ 9,000 ಡಾಲರ್ ಪಡೆಯುವ ಯೋಚನೆ ಮನೆಯವರದು. ತಾಯಿ ಕರೆದೊಯ್ಯಲು ಬರುತ್ತಾಳೆ. ಆಗ ನಿರ್ದೇಶಕಿ ಒಂದು ಗೆರೆ ದಾಟುತ್ತಾಳೆ: 2,000 ಡಾಲರ್ ಕೊಟ್ಟು ಆರು ತಿಂಗಳ ಬಿಡುವು ಕೊಳ್ಳುತ್ತಾಳೆ. ಸಾಕ್ಷ್ಯಚಿತ್ರಕಾರರು ಹೀಗೆ ಮಾಡಬಹುದೇ ಎಂಬ ಚರ್ಚೆ ಸಾಕಷ್ಟು ನಡೆದಿದೆ. ನನಗೆ ಮುಖ್ಯವಾಗಿ ಕಂಡದ್ದು, ಈ ವ್ಯವಹಾರವನ್ನು ಸಿನಿಮಾ ಮುಚ್ಚಿಡಲಿಲ್ಲ ಎನ್ನುವುದು. ಮಜೀದಿಯ ಸಿನಿಮಾದಲ್ಲಿ ಹಣ ಪ್ರೇಮದ ಕಾಣಿಕೆ. ಇಲ್ಲಿ ಹಣ ಬರೀ ಹಣ, ಕೊಟ್ಟವರು ಯಾರೆಂದು ನಮಗೆ ಗೊತ್ತು. ಅಮೆರಿಕಕ್ಕೆ ಓದಲು ಹೋಗುವ ದಾರಿ ತೆರೆದಾಗಲೂ ಪಾಸ್‌ಪೋರ್ಟಿಗಾಗಿ ಅವಳು ತಾನು ಬಿಟ್ಟುಬಂದ ಅಫ್ಘಾನಿಸ್ತಾನಕ್ಕೇ ಹೋಗಬೇಕಾಗುತ್ತದೆ. ಇಲ್ಲಿಯೂ ದಾರಿ ತಡೆಯುವುದು ಚೀಟಿ.

ಹಾಗಂತ ಅಫ್ಘನ್ ಹೆಂಗಸರಿಗೆ ಮಾತು ಬಂದದ್ದು ಯಾರೋ ಕ್ಯಾಮೆರಾ ತಂದ ಮೇಲೆ ಎಂದುಕೊಂಡರೆ ಅದೂ ತಪ್ಪು. ಮೀನಾ ಕೇಶ್ವರ್ ಕಮಾಲ್ 1977ರಲ್ಲಿ ‘ರಾವಾ’ ಮಹಿಳಾ ಸಂಘಟನೆ ಕಟ್ಟಿದರು, 1981ರಲ್ಲಿ ‘ಪಯಾಮೆ ಜನ್’ ಎಂಬ ಪತ್ರಿಕೆ ಶುರುಮಾಡಿದರು. ಹೆಸರಿನ ಅರ್ಥ ‘ಹೆಣ್ಣಿನ ಸಂದೇಶ’. ಅಂದರೆ ನಾಸಿರ್ ಬಾಗ್‌ನ ಚಿತ್ರಕ್ಕೂ ಮೊದಲೇ ಅಫ್ಘನ್ ಹೆಂಗಸರ ಕೈಯಲ್ಲಿ ಅವರದೇ ಪತ್ರಿಕೆ ಇತ್ತು. ಜಗತ್ತು ಇಟ್ಟುಕೊಂಡದ್ದು ಮುಖಪುಟದ ಮುಖವನ್ನು. ಆಶ್ರಯ ಅರಸಿ ಹೋಗಿದ್ದ ಪಾಕಿಸ್ತಾನದ ಕ್ವೆಟ್ಟಾದಲ್ಲೇ 1987ರಲ್ಲಿ ಮೀನಾ ಅವರ ಕೊಲೆಯಾಯಿತು. ಗಡಿ ದಾಟಿದ ಕೂಡಲೇ ಸುರಕ್ಷತೆ ಸಿಗುತ್ತದೆ ಎಂಬ ಕಥೆಗೆ ಇದಕ್ಕಿಂತ ಕಠಿಣ ಉತ್ತರ ಬೇಕಿಲ್ಲ.

ಈಗಿನ ಸ್ಥಿತಿಯೂ ಈ ಕೃತಿಗಳನ್ನು ಹಳೆಯದಾಗಲು ಬಿಟ್ಟಿಲ್ಲ. 72 ಕಿಲೋಮೀಟರಿಗಿಂತ ಹೆಚ್ಚು ದೂರದ ಪಯಣಕ್ಕೆ ಹೆಂಗಸಿನ ಜೊತೆ ಹತ್ತಿರದ ಗಂಡಸು ಸಂಬಂಧಿ ಇರಲೇಬೇಕೆಂದು ತಾಲಿಬಾನ್ 2021ರ ಡಿಸೆಂಬರಿನಲ್ಲಿ ಹೇಳಿತು. ಒಂಟಿ ಹೆಂಗಸಿಗೆ ಗಡಿ ಶುರುವಾಗುವುದು ಅವಳ ಊರಿನ ಬಸ್ ನಿಲ್ದಾಣದಲ್ಲೇ. ಕಾಗದಪತ್ರವಿಲ್ಲದ ವಿದೇಶಿಯರು ನವೆಂಬರ್ 1ರೊಳಗೆ ಜಾಗ ಖಾಲಿ ಮಾಡಬೇಕೆಂದು ಪಾಕಿಸ್ತಾನ 2023ರಲ್ಲಿ ಆದೇಶಿಸಿತು. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಪಾಕಿಸ್ತಾನ ಸಹಿ ಹಾಕಿಲ್ಲ. ಭಾರತವೂ ಹಾಕಿಲ್ಲ. ಇರಾನ್ ಆ ಒಪ್ಪಂದಕ್ಕೆ ಸೇರಿದ ದೇಶ. ಆದರೂ 2025ರಲ್ಲಿ ಅಲ್ಲಿಂದ ದೊಡ್ಡ ಸಂಖ್ಯೆಯಲ್ಲಿ ಅಫ್ಘನ್ನರನ್ನು ಹೊರಹಾಕಲಾಯಿತು.

ಇದೆಲ್ಲದರ ನಡುವೆ ನಾನು ಈಗ ಓದುತ್ತಿರುವುದು ‘ಮೈ ಡಿಯರ್ ಕಾಬೂಲ್’ (2024). ಕಾಬೂಲ್ ತಾಲಿಬಾನ್ ವಶವಾದ ವರ್ಷ 21 ಅಫ್ಘನ್ ಲೇಖಕಿಯರು ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಂಡ ದಿನಚರಿ ಇದು. ಮುಖಪುಟಕ್ಕೆ ಒದಗುವ ಒಬ್ಬಳೇ ನಾಯಕಿ ಇದರಲ್ಲಿಲ್ಲ, ಇಪ್ಪತ್ತೊಂದು ದನಿಗಳಿವೆ. ಓದುವಾಗ ಅವರು ಮಾತಾಡುತ್ತಿರುವುದು ನನ್ನ ಜೊತೆಗಲ್ಲ, ತಮ್ಮತಮ್ಮೊಳಗೆ ಎಂಬುದು ಪದೇಪದೇ ನೆನಪಾಗುತ್ತದೆ. ಆ ದೂರ ನನಗೆ ಒಳ್ಳೆಯದೇ. ನನ್ನ ಕನಿಕರ ಅಲ್ಲಿ ಯಾರಿಗೂ ಬೇಕಾಗಿಲ್ಲ.

ಹೋದ ತಿಂಗಳು ಅದೇ ಸೆಮಿನಾರ್ ಹಾಲಿನಲ್ಲಿ ಮತ್ತೆ ಪ್ರಬಂಧ ಮಂಡಿಸಿದೆ. ಹಸಿರು ಕಣ್ಣಿನ ಸ್ಲೈಡ್ ತೆಗೆದುಹಾಕಿರಲಿಲ್ಲ, ಮೂರನೆಯದಕ್ಕೆ ಸರಿಸಿದ್ದೆ. ಮೊದಲ ಸ್ಲೈಡಿನಲ್ಲಿ ಚಿತ್ರವಿರಲಿಲ್ಲ. ಆಕೆಯ ಹೆಸರು, ಆಮೇಲೆ 2016, ಬಂಧನದ ಕಾರಣ. ಇಷ್ಟನ್ನು ಓದಿ ಹೇಳಿದ ಮೇಲೆ, ‘ಈಗ ಮುಖ ನೋಡೋಣ’ ಅಂದೆ.